ಗಂಡನ ಪಾಲು ಹದಿನೈದು ನಿಮಿಷ

ಬುಧವಾರ ಬೆಳಿಗ್ಗೆ ಎಂಟೂವರೆಗೆ ಗುಲಫಶಾ ಸುರಪುರದ ಬಸ್ಸಿನಿಂದ ಇಳಿದಾಗ ಮಲ್ಲಿಕಮ್ಮನ ಹೆಣ ಕಾಲುವೆ ದಂಡೆಯ ಮೇಲಿತ್ತು. ಯಾರೋ ಹಳೇ ಧೋತರ ಹೊದಿಸಿದ್ದರು. ಪಾದಗಳು ಮಾತ್ರ ಹೊರಗಿದ್ದವು. ಎಡಗಾಲಿನ ಹೆಬ್ಬೆರಳಿನ ಉಗುರು ಸೀಳಿತ್ತು. ಅದರಿಂದಲೇ ಗುರುತು ಸಿಕ್ಕಿತು.

ಅಳು ಬರಲಿಲ್ಲ. ಹೆಗಲ ಮೇಲಿನ ಬ್ಯಾಗು ಭಾರವೆನಿಸಿತು, ಅಷ್ಟೆ.

ಬ್ಯಾಗಿನ ತುಂಬ ಫಾರ್ಮುಗಳು. ಗುಲಫಶಾ ಮಹಿಳಾ ಅಧ್ಯಯನದಲ್ಲಿ ಎಂ.ಎ. ಓದುತ್ತಿದ್ದಳು. ಹಳ್ಳಿಯ ಹೆಂಗಸರ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಯಾವ ಹೊತ್ತಿಗೆ ಯಾವ ಕೆಲಸ, ಎಷ್ಟು ನಿಮಿಷ, ಯಾವ ಸಾಮಾನು, ಮನೆಯ ಗಂಡಸರು ಎಷ್ಟು ಕೈ ಹಚ್ಚುತ್ತಾರೆ. ಹುಣಸಗಿ ದಾರಿಯ ಈ ಹಳ್ಳಿಯಲ್ಲಿ ನಲವತ್ತು ಮನೆ ಆರಿಸಿಕೊಂಡಿದ್ದಳು. ಮಲ್ಲಿಕಮ್ಮನದು ಇಪ್ಪತ್ಮೂರನೆಯ ಫಾರ್ಮು. ಭಾನುವಾರ ತುಂಬಿಸಿಕೊಂಡು ಹೋಗಿದ್ದಳು. ಇವತ್ತು ಎರಡನೇ ಭೇಟಿ.

ದಂಡೆಯ ಮೆಟ್ಟಿಲ ಮೇಲೆ ಒಂದು ಹಸಿರು ಪ್ಲಾಸ್ಟಿಕ್ ಕೊಡ ಉರುಳಿ ಬಿದ್ದಿತ್ತು.

"ನೀರಿಗೆ ಬಂದಾಳ, ಕಾಲು ಜಾರ್ಯದ," ಎಂದ ಪಿ.ಎಸ್.ಐ. ಬಾಲರಾಜ. ಕೈಯಲ್ಲಿ ಪಂಚನಾಮೆಯ ಕಾಗದ. "ನೋಡಿದವರು ಯಾರು?"

"ನಾನ್ರಿ ಸಾಹೇಬ್ರ." ಸತ್ತವಳ ಭಾವ ಸಾಬಣ್ಣ ಮುಂದೆ ಬಂದ. "ಐದಕ್ಕ ಕಟ್ಟಿ ಮ್ಯಾಲ ಕುಂತಿದ್ದೆ. ಈ ಕೊಡ ತಲಿ ಮ್ಯಾಲ ಇಟಗೊಂಡು ಈ ಕಡೆ ಬಂದ್ಳು. ತಿರುಗಿ ಬರಲಿಲ್ಲ."

ಗುಲಫಶಾಳನ್ನು ಕಂಡು ಅವನು ತಲೆಯಾಡಿಸಿದ. "ಬಂದಿಯೇನವ್ವ? ಇನ್ನ ಯಾರನ್ನ ಕೇಳ್ತಿ? ಹೆಣ್ಮಕ್ಕಳು ಮನ್ಯಾಗ ಏನ್ ಮಾಡ್ತಾರ ಅಂತ ತಿಳಕೊಳ್ಳಾಕ ಎಂ.ಎ. ಓದಬೇಕೇನು ಅಂತ ಅವತ್ತೇ ಕೇಳಿದ್ದೆ."

ಅವಳು ಕೊಡವನ್ನೇ ನೋಡುತ್ತಿದ್ದಳು.

*

ಜನ ಬೇರೆಯೇ ಮಾತಾಡುತ್ತಿದ್ದರು. ಗಂಡ ಭಾಗಣ್ಣ ಕುಡಿಯುತ್ತಾನೆ. ಸೋಮವಾರ ಬಾಗಿಲಲ್ಲೇ ಹೆಂಡತಿಯ ಕಪಾಳಕ್ಕೆ ಹೊಡೆದಿದ್ದ. ಹತ್ತು ಮಂದಿ ನೋಡಿದ್ದರು. ಬಾಲರಾಜನ ಕಿವಿಗೂ ಅದು ಬಿತ್ತು. ಹೆಣದ ಕುತ್ತಿಗೆಯ ಮೇಲೆ ಎರಡು ಕಂದು ಗುರುತು ಕಂಡಮೇಲೆ ಅವನು ಪಂಚನಾಮೆ ಮಡಚಿ ಜೇಬಿಗಿಟ್ಟ. ಭಾಗಣ್ಣನನ್ನು ಜೀಪಿನಲ್ಲಿ ಕೂರಿಸಿದರು. ಭಾಗಣ್ಣ ಕೂತ. ಅವನ ಮುಖದಲ್ಲಿ ಏನೂ ಇರಲಿಲ್ಲ.

ಗುಲಫಶಾ ಮನೆ ಕಡೆ ನಡೆದಳು. ಕಾಲುವೆಯಿಂದ ನೂರು ಹೆಜ್ಜೆ. ಅಣ್ಣ ತಮ್ಮಂದಿರ ಮನೆಗಳ ನಡುವೆ ಎದೆಯೆತ್ತರದ ಒಂದು ಗೋಡೆ. ಸಾಬಣ್ಣನ ಹಿತ್ತಲಲ್ಲಿ ಕೋಳಿಗಳು ಅನ್ನದ ಅಗುಳು, ಉಳ್ಳಾಗಡ್ಡಿ ಸಿಪ್ಪೆ ಹೆಕ್ಕುತ್ತಿದ್ದವು. ಹುಳಿ ವಾಸನೆ. ದಾರದ ಮೇಲೆ ಒಂದೇ ಒಂದು ಅಂಗಿ. ಹಿಂಡದೆ ಹಾಕಿದ್ದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಈಚೆ ಕೊಟ್ಟಿಗೆಯಲ್ಲಿ ಎಮ್ಮೆ ಒದರುತ್ತಿತ್ತು. ಅದರ ಪಕ್ಕ ಮಲ್ಲಿಕಮ್ಮನ ಮಗಳು ಸರೋಜಾ ಕೂತಿದ್ದಳು. ಹದಿನೈದು ವರ್ಷ, ಒಂಬತ್ತನೇ ಕ್ಲಾಸು. ಶಾಲೆಯ ಸಮವಸ್ತ್ರದಲ್ಲೇ ಇದ್ದಳು.

"ನನ್ನ ಮದುವಿ ನಿಲ್ಲಂಗಿಲ್ಲಂತ ಅಕ್ಕ," ಎಂದಳು. "ದೊಡ್ಡಪ್ಪ ಹೇಳ್ಯಾನ. ಸಾವಾದ ಮನ್ಯಾಗ ಲಗೂನ ಮಾಡಬೇಕಂತ. ಇಲ್ಲಂದ್ರ ಮೂರು ವರ್ಷ ಕಾಯಬೇಕಂತ. ಮುಂದಿನ ಸೋಮವಾರ."

ಗಂಡು ಸಾಬಣ್ಣನ ಹೆಂಡತಿಯ ತಮ್ಮ. ಮಲ್ಲಿಕಮ್ಮ ಒಪ್ಪಿರಲಿಲ್ಲ. ಅದು ಫಾರ್ಮಿನಲ್ಲೇ ಇತ್ತು.

"ನಸುಕಿನಾಗ ಏನಾತು?"

"ಅಪ್ಪ ಐದಕ್ಕ ಎದ್ದು ಕೊಡ ಎಲ್ಲಿ, ಕೊಡ ಎಲ್ಲಿ ಅಂತ ಒದರಾಕತ್ತಿದ್ದ. ಎಮ್ಮಿಗೆ ಮುಸುರಿ ಇಡಾಕ. ಕೊಟ್ಟಗ್ಯಾಗ ಇರೋ ಕೊಡ ಇರಲಿಲ್ಲ. ಅವ್ವನೂ ಇರಲಿಲ್ಲ."

"ಯಾವ ಬಣ್ಣದ್ದು?"

"ಹಸಿರು."

ಗುಲಫಶಾ ಬ್ಯಾಗಿನಿಂದ ಇಪ್ಪತ್ಮೂರನೆಯ ಫಾರ್ಮು ತೆಗೆದಳು.

*

ಬಾಲರಾಜ ಜೀಪಿನ ಬಾನೆಟ್ ಮೇಲೆ ಫಾರ್ಮು ಹರವಿದ. "ಇದೇನಮ್ಮ, ಎಮ್ಮಿ, ಸಗಣಿ, ಮುಸುರಿ? ಇದನ್ನೂ ಓದ್ತಾರೇನು?"

"ಓದ್ತಾರ್ರಿ. ನೀವು ಮನಿಗೆ ನೀರು ತಂದೀರೇನು ಸರ್, ಯಾವಾಗರ?"

"ಇಲ್ಲ."

"ಅದಕ್ಕ ನಿಮಗ ಆ ಕೊಡ ಬರೀ ಕೊಡ. ಈ ಮನ್ಯಾಗ ಮೂರು ಅವ. ಸ್ಟೀಲಿನದು ಕುಡಿಯೋ ನೀರಿಗೆ. ನೀಲಿದು ಬಳಸೋ ನೀರಿಗೆ. ಹಸಿರು ಮುಸುರಿಗೆ. ಅಕ್ಕಿ ತೊಳದ ನೀರು, ಹಳಸಿದ ಸಾರು, ಸಿಪ್ಪಿ ಎಲ್ಲಾ ಅದರಾಗ. ಅದು ಕೊಟ್ಟಗಿ ಬಿಟ್ಟು ಹೊರಗ ಬರಂಗಿಲ್ಲ. ಅದನ್ನ ಯಾವ ಹೆಣ್ಮಗಳೂ ತಲಿ ಮ್ಯಾಲ ಇಡಂಗಿಲ್ಲ."

ಬಾಲರಾಜ ಜೀಪಿನೊಳಗೆ ಕೂತ ಭಾಗಣ್ಣನನ್ನು ನೋಡಿದ. "ಸರಿ. ಕೊಂದವ ಕೊಡ ತಂದಿಟ್ಟಾನ. ಮನಿ ಕೆಲಸ ಗೊತ್ತಿಲ್ಲದ ಗಂಡಸು. ಅಂದ್ರ ಗಂಡನೇ."

"ಈ ಪುಟದ ಕಡೀ ಸಾಲು ಓದ್ರಿ."

ಅವನು ಗಟ್ಟಿಯಾಗಿ ಓದಿದ. "ಗಂಡನ ಪಾಲು: ನಸುಕಿನಲ್ಲಿ ಎಮ್ಮೆಗೆ ಮುಸುರಿ ಇಡುವುದು. ಹದಿನೈದು ನಿಮಿಷ."

"ಮಲ್ಲಿಕಮ್ಮ ದಿನಕ್ಕ ಹದಿನಾರು ತಾಸು ದುಡಿತಿದ್ದಳ್ರಿ. ಭಾಗಣ್ಣ ಮಾಡೋದು ಈ ಒಂದೇ ಕೆಲಸ. ಅವನಿಗೆ ಮನ್ಯಾಗ ಗೊತ್ತಿರೋದು ಈ ಒಂದೇ ಕೊಡ. ಇದರಾಗ ನೀರು ತರಂಗಿಲ್ಲ ಅಂತ ಅವಗ ಗೊತ್ತು. ಅವ ಕೊಂದಿದ್ರ ಬ್ಯಾರೆ ಯಾವುದರ ಒಯ್ತಿದ್ದ. ಅದೂ ಅಲ್ಲದ ಐದಕ್ಕ ಅವ ಅದನ್ನೇ ಹುಡುಕಾಕತ್ತಿದ್ದ. ಸರೋಜಾ ಕೇಳ್ಯಾಳ."

ಬಾಲರಾಜ ಮೆಲ್ಲಗೆ ತಿರುಗಿದ. ಸಾಬಣ್ಣ ಬೇವಿನ ಗಿಡದ ಕೆಳಗೆ ಬೀಡಿ ಸೇದುತ್ತಿದ್ದ.

"ಸಾಬಣ್ಣ, ನಿನ್ನ ತಮ್ಮನ ಹೆಂಡ್ತಿ ದಿನಾ ಯಾವ ಕೊಡ ತರತಿದ್ದಳು?"

"ಅದೇ ಹಸಿರುದ್ರಿ. ದಿನಾ ನೋಡ್ತೀನಲ್ರಿ ನಾನು."

ಹೆಂಗಸರ ಗುಂಪಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು. "ಮುಸುರಿ ಕೊಡದಾಗ ನೀರಾ?" ಎಂದಳೊಬ್ಬಳು. ಆಮೇಲೆ ಯಾರೂ ನಗಲಿಲ್ಲ.

*

ಉಳಿದದ್ದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. ಕೊಡದಲ್ಲಿದ್ದ ಮುಸುರಿಯನ್ನು ಸಾಬಣ್ಣ ತನ್ನ ಹಿತ್ತಲಲ್ಲೇ ಚೆಲ್ಲಿದ್ದ. ಕೋಳಿಗಳು ಅರ್ಧ ತಿಂದಿದ್ದವು, ಅರ್ಧ ಉಳಿದಿತ್ತು. ಅಂಗಿಯ ಬಗ್ಗೆ ಅವನ ಹೆಂಡತಿಯನ್ನು ಕೇಳಿದರು. ಅವಳಿಗೆ ಏನೂ ಗೊತ್ತಿರಲಿಲ್ಲ. ಅದಕ್ಕೇ ನಿಜ ಹೇಳಿದಳು.

"ಅವರೇ ಒಗಕೊಂಡಾರ್ರಿ. ಲಗ್ನಾಗಿ ಇಪ್ಪತ್ತು ವರ್ಷಾತು, ಇದೇ ಮೊದಲು. ಮೈಯಾಗ ಆರಾಮಿಲ್ಲೇನು ಅಂತ ನಾನೂ ಕೇಳಿದೆ."

ಸಾಬಣ್ಣ ಜೀಪಿನಲ್ಲಿ ಬಾಯಿಬಿಟ್ಟ. ಅವನ ದನಿಯಲ್ಲಿ ಸಿಟ್ಟಿತ್ತು, ಅಳಲಿರಲಿಲ್ಲ. ಮಂಗಳವಾರ ಸಂಜೆ ಮದುವೆ ಮಾತೆತ್ತಿದಾಗ ಮಲ್ಲಿಕಮ್ಮ ಬೆಳಿಗ್ಗೆ ಎಂಟರ ಬಸ್ಸಿಗೆ ಹುಣಸಗಿಗೆ ಹೋಗುತ್ತೇನೆ ಎಂದಿದ್ದಳು. ಮದುವೆ ನಿಲ್ಲಿಸುವ ಅರ್ಜಿ ಕೊಡಲಿಕ್ಕೆ ಎಂದು ಅವನಿಗೆ ಭಾನುವಾರವೇ ತಿಳಿದಿತ್ತು. ನಾಲ್ಕೂವರೆಗೆ ಅವಳು ಸಗಣಿ ಬಾಚಲು ಕೊಟ್ಟಿಗೆಗೆ ಬಂದಾಗ ಅವನು ಗೋಡೆ ಹಾರಿ ಬಂದ. ಕುತ್ತಿಗೆ ಹಿಸುಕಿದ. ಹೆಗಲ ಮೇಲೆ ಹೊತ್ತೊಯ್ದು ಕಾಲುವೆಗೆ ಹಾಕಿದ. ಹೆಂಗಸು ಆ ಹೊತ್ತಿನಲ್ಲಿ ಕಾಲುವೆಗೆ ಹೋಗಲು ಒಂದು ನೆಪ ಬೇಕಿತ್ತು. ತಿರುಗಿ ಬಂದು ಕೈಗೆ ಸಿಕ್ಕ ಕೊಡ ಒಯ್ದ. ತುಂಬಿದ್ದ ಕೊಡ ಎತ್ತುವಾಗ ಮುಸುರಿ ಅಂಗಿಯ ಮೇಲೆ ಚೆಲ್ಲಿತ್ತು.

"ಅರ್ಜಿ ಕೊಡ್ತಾಳಂತ ನಿನಗ ಭಾನುವಾರನೇ ಗೊತ್ತಿತ್ತಲ್ಲ. ಯಾರು ಹೇಳಿದ್ರು?" ಎಂದ ಬಾಲರಾಜ.

ಸಾಬಣ್ಣ ಗುಲಫಶಾಳ ಕಡೆ ಗದ್ದ ಎತ್ತಿದ. "ಈಕಿನೇ. ಗೋಡಿ ಆಚೆ ಕುಂತು ಕೇಳೇನಿ."

ಫಾರ್ಮಿನ ಕೊನೆಯ ಪ್ರಶ್ನೆ: ದಿನಕ್ಕೆ ಒಂದು ತಾಸು ಬಿಡುವು ಸಿಕ್ಕರೆ ಏನು ಮಾಡುತ್ತೀರಿ? ಉಳಿದವರೆಲ್ಲ ನಿದ್ದೆ ಎಂದಿದ್ದರು. ಮಲ್ಲಿಕಮ್ಮ, ಹುಣಸಗಿಗೆ ಹೋಗಿ ಮಗಳ ಮದುವೆ ನಿಲ್ಲಿಸಲು ಅರ್ಜಿ ಕೊಡುತ್ತೇನೆ ಎಂದಿದ್ದಳು. ಓದು ಬಾರದವರಿಗೆ ಬರೆದದ್ದನ್ನೆಲ್ಲ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಕ್ಲಾಸಿನಲ್ಲಿ ಹಾಗೇ ಕಲಿಸಿದ್ದರು. ಗುಲಫಶಾ ಅಂಗಳದಲ್ಲಿ ಕೂತು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದ್ದಳು.

ಭಾಗಣ್ಣನನ್ನು ಇಳಿಸಿದರು. ಅವನು ನೇರ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ನಿಂತ. "ಸರೋಜಾ, ಇನ್ನ ಸಾಲಿ ಬಿಡು. ಮನಿ ಯಾರು ನೋಡಬೇಕು?" ಎಂದ.

ಗುಲಫಶಾ ಬಾಲರಾಜನನ್ನು ನೋಡಿದಳು. ಬಾಲರಾಜ ಫಾರ್ಮಿನ ಹದಿನಾರು ತಾಸುಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮಕ್ಕಳ ರಕ್ಷಣೆಯವರಿಗೆ ಫೋನು ಹಚ್ಚಿದ.

*

ಹದಿನೈದು ದಿನದ ಮೇಲೆ ಗುಲಫಶಾ ಯಾದಗಿರಿಯ ಬಾಲಕಿಯರ ಹಾಸ್ಟೆಲಿಗೆ ಹೋದಳು. ಇಪ್ಪತ್ಮೂರನೆಯ ಫಾರ್ಮು ಕೋರ್ಟಿನ ಕಟ್ಟಿನಲ್ಲಿತ್ತು. ತೀರಿಕೊಂಡವರನ್ನು ಪಟ್ಟಿಯಿಂದ ತೆಗೆದು ಬೇರೆ ಮನೆ ಸೇರಿಸು ಎಂದು ಮಾರ್ಗದರ್ಶಕರು ಹೇಳಿದ್ದರು.

ಸರೋಜಾ ಕಟ್ಟೆಯ ಮೇಲೆ ಕೂತಳು. ಗುಲಫಶಾ ಹೊಸ ಫಾರ್ಮು ತೆಗೆದು ಮೇಲೆ ಇಪ್ಪತ್ಮೂರು ಎಂದೇ ಬರೆದಳು. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಎಷ್ಟಕ್ಕ ಏಳ್ತಿ?"

"ನಾಲ್ಕೂವರಿಗೆ ಎಚ್ಚರಾಗ್ತದ ಅಕ್ಕ. ಇಲ್ಲಿ ಗಂಟಿ ಬಾರಿಸೋದು ಆರಕ್ಕ."

"ಅಲ್ಲಿ ತನಕ ಏನ್ ಮಾಡ್ತಿ?"

ಕೆಲಸ ಎಣಿಸಲು ಸರೋಜಾ ಒಂದು ಬೆರಳು ಮಡಚಿದಳು, ಮತ್ತೆ ಬಿಡಿಸಿದಳು.

"ಏನಿಲ್ಲ. ಸುಮ್ನ ಮಲಕೊಂಡಿರ್ತೀನಿ."

ಗುಲಫಶಾ ಬರೆದಳು: ನಾಲ್ಕೂವರೆಯಿಂದ ಆರು. ಬಿಡುವು. ತೊಂಬತ್ತು ನಿಮಿಷ.

ಬರೆದದ್ದನ್ನು ಓದಿ ಹೇಳಲಿಲ್ಲ. ಫಾರ್ಮನ್ನು ಸರೋಜಾಳ ಕೈಗೆ ಕೊಟ್ಟಳು. ಅವಳು ತಾನೇ ಮನಸ್ಸಿನಲ್ಲಿ ಓದಿಕೊಂಡು ಸಹಿ ಹಾಕಿದಳು.