ಅರ್ಜಿಯಲ್ಲಿ ಬಿಟ್ಟುಹೋದ ಮಾತು

"ಅದೇನೇ ಬರೀತಿದೀಯ, ತನುಜ? ಅನ್ನ ಸೀದು ಹೋಗ್ತಿದೆ."

ಅತ್ತೆ ಮುನಿಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾಲ್ಕು ದಿನಗಳಲ್ಲಿ ಸೊಸೆಯೊಡನೆ ಅವರಾಡಿದ ಮೊದಲ ಮಾತು ಅದು.

ನಾಲ್ಕು ದಿನಗಳ ಹಿಂದೆ ಮೇಲೂರಿನ ಆ ಮನೆಯ ರೇಷ್ಮೆ ಹುಳುಗಳೆಲ್ಲ ಸತ್ತಿದ್ದವು... ಇನ್ನೊಂದು ವಾರ ಕಳೆದಿದ್ದರೆ ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟಬೇಕಾದ ಹುಳುಗಳು. ಅದರ ಹಿಂದಿನ ಮುಸ್ಸಂಜೆ, ಜ್ವರ ಬಂದ ಮಗುವಿಗೆ ಸೊಳ್ಳೆ ಕಚ್ಚದಿರಲೆಂದು ಬತ್ತಿ ಹಚ್ಚಿಟ್ಟವಳು ತನುಜ. ಹುಳು ಸಾಕುವ ಮನೆಯಲ್ಲಿ ಆ ಹೊಗೆ ಆಡಬಾರದೆಂಬುದು ಗೌರಿಬಿದನೂರಿನ ಅಂಗಡಿ ಬೀದಿಯಲ್ಲಿ ಬೆಳೆದ ಅವಳಿಗೆ ಹೊಳೆಯಲೇ ಇಲ್ಲ. "ಮನೆ ಹಾಳು ಮಾಡೋಕೇ ಬಂದವಳು" ಎಂದು ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಂಗಸರ ಮುಂದೆಯೇ ಅತ್ತೆ ಬೈದರು. ಗಂಡ ಚನ್ನಕೇಶವ ಅಂದಿನಿಂದ ಅವಳ ಮುಖ ನೋಡಿರಲಿಲ್ಲ.

ತನುಜಳ ಮಡಿಲಲ್ಲಿ ಎರಡು ಹಾಳೆಗಳಿದ್ದವು. ಫೋನಿನಲ್ಲಿ ಅಳು ಬಂದುಬಿಡುತ್ತದೆಂದು ತಾಯಿಗೆ ಬರೆದ ಕಾಗದ ಒಂದು: 'ಅತ್ತೆಗೂ ನನಗೂ ಸಣ್ಣ ಮಾತು ಬಂತಮ್ಮ, ನೀನು ಯೋಚನೆ ಮಾಡಬೇಡ.' ಇನ್ನೊಂದು, ಚಿಕ್ಕಬಳ್ಳಾಪುರದ ಮಹಿಳಾ ಸಹಾಯ ಕೇಂದ್ರಕ್ಕೆ ಅರ್ಜಿ. ಮಗುವಿನೊಂದಿಗೆ ಬೇರೆ ಇರಲು ದಾರಿ ಮಾಡಿಕೊಡಿ ಎಂಬ ಬೇಡಿಕೆ. ಜಗಳ ಒಂದೇ, ಕೈಬರಹವೂ ಒಂದೇ. ಆದರೆ ಒಂದರಲ್ಲಿ ಅತ್ತೆ ಮುಂಗೋಪದ ಮುದುಕಿ, ಇನ್ನೊಂದರಲ್ಲಿ ರಾಕ್ಷಸಿ. ಇದರಲ್ಲಿ ನಿಜ ಯಾವುದು? ತನುಜಳಿಗೇ ದಿಗಿಲಾಗಿತ್ತು.

"ನನ್ ಮೇಲೇನೇ ಅಲ್ವಾ? ಓದು," ಎಂದರು ಅಕ್ಷರ ಬಾರದ ಮುನಿಗಂಗಮ್ಮ, ಒಲೆ ಆರಿಸಿ ಎದುರಿಗೆ ಕುಳಿತು.

ತನುಜ ಬಚ್ಚಿಡಲಿಲ್ಲ. ಅರ್ಜಿಯನ್ನೇ ಎತ್ತಿಕೊಂಡಳು. "ಸದರಿ ಅತ್ತೆಯವರು ಪರರ ಸಮ್ಮುಖದಲ್ಲಿ..."

"ಸದರಿ ಅಂದ್ರೆ ಯಾರೇ?"

"ನೀವೇ ಅತ್ತೆ."

"ಅಬ್ಬ, ಎಷ್ಟು ದೊಡ್ಡೋಳಾಗ್ಬಿಟ್ಟೆ ನಾನು. ಮುಂದಕ್ಕೆ ಓದು."

ಕಾಗದದ ಮೇಲೆ ಕಲ್ಲಿನಂತಿದ್ದ ಮಾತುಗಳು ಅವರೆದುರು ಬಾಯಿಂದ ಹೊರಡುವಾಗ ನಡುಗಿದವು. ಓದಿ ಮುಗಿಸಿದಾಗ ಮುನಿಗಂಗಮ್ಮ ಹಾಳೆಯ ಮೇಲೆ ಬೆರಳಿಟ್ಟರು.

"ಎಲ್ಲಾ ಸರಿಯಾಗೇ ಬರ್ದಿದೀಯ. ಒಂದು ಬಿಟ್ಟಿದೀಯ, ಬರ್ಕೊ. ಅವತ್ತು ಹೊಗೆ ವಾಸನೆ ನಂಗೇ ಮೊದ್ಲು ಬಂತು. ಆರ್ಸೋಣ ಅಂತ ನಿನ್ ಕೋಣೆ ಬಾಗಿಲವರೆಗೂ ಬಂದೆ. ಮಗು ಆಗ ತಾನೆ ನಿದ್ದೆ ಹೋಗಿತ್ತು, ಆರ್ಸಿದ್ರೆ ಸೊಳ್ಳೆ ಕಚ್ಚಿ ಎದ್ದುಬಿಡ್ತಿತ್ತು... ಹುಳು ಸಾಯ್ತವೆ ಅಂತ ಗೊತ್ತಿದ್ದೂ ವಾಪಸ್ ಹೋದೆ. ಬೆಳಿಗ್ಗೆ ಮಗನ ಮುಖ ನೋಡಿ ಭಯ ಆಯ್ತು ಕಣೇ. ಎಲ್ಲಾ ನಿನ್ ತಲೆಗೇ ಕಟ್ಟಿದೆ."

ತನುಜ ಅವರನ್ನೇ ನೋಡಿದಳು. ಮೂವತ್ತು ವರ್ಷ ಹುಳುಗಳನ್ನು ಕೂಸುಗಳಂತೆ ಸಾಕಿದ ಕೈಗಳು, ಅಂದು ಒಂದು ಕೂಸಿನ ನಿದ್ದೆಗಾಗಿ ಸುಮ್ಮನಾಗಿದ್ದವು! ಇಂಥವರೊಡನೆ ಎರಡು ವರ್ಷ ಬಾಳಿಯೂ ತಾನು ಅವರನ್ನು ನೋಡಿಯೇ ಇರಲಿಲ್ಲವೇ?

ಅತ್ತೆ ಹೇಳಿದ್ದನ್ನು ಅವರ ಮಾತಿನಲ್ಲೇ ಅರ್ಜಿಯ ಕೊನೆಗೆ ಬರೆದಳು. ಒಂದು ಮಾತನ್ನೂ ತಿದ್ದಲಿಲ್ಲ. ಮುನಿಗಂಗಮ್ಮ ಹೆಬ್ಬೆರಳಿಗೆ ಪೆನ್ನಿನ ಶಾಯಿ ಬಳಿದುಕೊಂಡು ಕೆಳಗೆ ಒತ್ತಿದರು. "ಕಳ್ಸೋದು ಬಿಡೋದು ನಿನ್ನಿಷ್ಟ. ಆದ್ರೆ ಮೊದ್ಲು ನನ್ ಮಗನ ಮುಂದೆ ಓದು. ಸೊಪ್ಪು ಕೊಯ್ಯೋ ಆ ಹೆಂಗಸ್ರನ್ನೂ ಕರೀತೀನಿ."

ಹೊರಗೆ ಚನ್ನಕೇಶವನ ಬೈಕು ನಿಂತ ಸದ್ದಾಯಿತು. ತನುಜ ಹಾಳೆಯ ತುದಿಯಲ್ಲಿದ್ದ ಸಹಾಯ ಕೇಂದ್ರದ ವಿಳಾಸದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ನಮ್ಮ ಮನೆಯವರಿಗೆ' ಎಂದು ಬರೆದಳು. ಆಮೇಲೆ ಅತ್ತೆಯ ಶಾಯಿ ಹತ್ತಿದ ಕೈಯನ್ನು ತನ್ನ ಸೆರಗಿನಿಂದ ಮೆಲ್ಲಗೆ ಒರೆಸತೊಡಗಿದಳು...