ಹಳದಿ ಗೆರೆ

2009ರ ಜೂನ್ 14, ಭಾನುವಾರ. ಮಧ್ಯಾಹ್ನ 2.50ಕ್ಕೆ ಇಂಡಿಯಾನಾದ ಮೆಲ್ವರ್ ಕೌಂಟಿ ಶೆರಿಫ್ ಠಾಣೆಗೆ ಬೀಚ್‌ಫೋರ್ಕ್ ರೇಸ್ ಟ್ರ್ಯಾಕಿನಿಂದ ಫೋನ್ ಬಂತು. ಮಾತಾಡಿದವನು ಅಲ್ಲಿ ಕಾರುಗಳ ತಪಾಸಣೆ ಮಾಡುವ ಗ್ಲೆನ್ ಓಡಮ್.

“ವರ್ನ್ ಶುಲ್ಟ್ಸ್‌ನ ಡಾರ್ಟ್ ಕಾರು ಗೋಡೆಗೆ ಹೊಡೀತು. ಹಿಂದಿನ ಎಡಗಡೆ ಚಕ್ರ ಕಳಚ್ಕೊಂಡು ಬೇಲಿ ಹಾರಿ, ಲೆಮನೇಡ್ ಮಾರ್ತಿದ್ದ ಬರ್ನಿಸ್ ಮೇಲೆ ಬಿದ್ದಿದೆ. ಯಾರೋ ನಟ್ ಸಡಿಲ ಮಾಡಿದಾರೆ. ಬೇಗ ಬನ್ನಿ, ಇಲ್ಲಿ ಹೆಣ ಬೀಳೋ ಹಾಗಿದೆ.”

ದೂರು ದಾಖಲಾಯಿತು. ಡಿಟೆಕ್ಟಿವ್ ಸಾರ್ಜೆಂಟ್ ಡೆಲ್ಬರ್ಟ್ ಹಾಸ್ ಮತ್ತು ಡೆಪ್ಯುಟಿ ಮಾರ್ಲಾ ಕ್ವಿಗ್ಲಿ ತಲುಪುವಷ್ಟರಲ್ಲಿ ಎರಡೂ ಆಂಬುಲೆನ್ಸ್ ಹೊರಟುಹೋಗಿದ್ದವು. ಬರ್ನಿಸ್‌ಳ ತೊಡೆಮೂಳೆ ಎರಡು ತುಂಡಾಗಿತ್ತು. ವರ್ನ್‌ಗೆ ಪ್ರಜ್ಞೆ ಇರಲಿಲ್ಲ. ಒಂದು ನೀಲಿ ನೋವಾ ಕಾರಿನ ಸುತ್ತ ಮೂವತ್ತು ನಲವತ್ತು ಜನ ಮುತ್ತಿದ್ದರು. ಒಳಗೆ ರೋಸ್ಕೋ ಪೆಂಡರ್ ಗಾಜು ಏರಿಸಿಕೊಂಡು ಕೂತಿದ್ದ.

ಕಾರಣವಿಲ್ಲದೆ ಮುತ್ತಿರಲಿಲ್ಲ. ವರ್ನ್‌ನ 1968ರ ತಿಳಿಹಸಿರು ಡಾರ್ಟ್ ನೋಡಲು ಯಾವುದೋ ಟೀಚರಮ್ಮ ಚರ್ಚಿಗೆ ಹೋಗಿಬರುವ ಪುಟ್ಟ ಕಾರು. ಬಾನೆಟ್ಟಿನ ಕೆಳಗೆ ಅದರ ಅಳತೆಗೆ ಮೀರಿದ ಎಂಟು ಸಿಲಿಂಡರಿನ ಎಂಜಿನ್. ಅದನ್ನು ಕೂರಿಸಿದವಳು ವರ್ನ್‌ನ ತಂಗಿ ಇಮೋಜೀನ್, ಊರಿಗೆಲ್ಲ ಜೀನ್. ರೋಸ್ಕೋನ ನೋವಾ ಅದೇ ವರ್ಷದ್ದು. ಇಬ್ಬರ ಪೈಪೋಟಿಗೆ ಇಪ್ಪತ್ತು ವರ್ಷ ದಾಟಿತ್ತು. ಶನಿವಾರ ಸಂಜೆ ಹಾಟ್‌ಡಾಗ್ ಅಂಗಡಿಯ ಮುಂದೆ ರೋಸ್ಕೋ ಎಲ್ಲರಿಗೂ ಕೇಳುವಂತೆ ಅಂದಿದ್ದ: “ವರ್ನ್, ನಾಳೆ ನಿಮ್ಮಜ್ಜಿ ಕಾರು ಮೂರೇ ಚಕ್ರದಲ್ಲಿ ಮನೆಗೆ ಹೋಗುತ್ತೆ, ನೋಡ್ತಿರು.”

ಹಾಸ್ ನೋವಾದ ಗಾಜು ತಟ್ಟಿದ.

“ಇಳಿ, ರೋಸ್ಕೋ.”

“ಇವ್ರನ್ನ ಮೊದ್ಲು ಆ ಕಡೆ ಕಳಿಸಿ.”

“ಇಳಿದ್ರೆ ನಾನು ಪಕ್ಕದಲ್ಲಿರ್ತೀನಿ. ಕೂತಿದ್ರೆ ಗಾಜು ಪುಡಿಯಾಗುತ್ತೆ.”

ರೋಸ್ಕೋ ಇಳಿದ. ಗುಂಪಿನಿಂದ ಒಂದು ಸೋಡಾ ಡಬ್ಬಿ ಹಾರಿ ಬಂದು ಅವನ ಹೆಗಲಿಗೆ ಬಡಿಯಿತು. ಮಾರ್ಲಾ ಎಸೆದವನ ಹೆಸರು ಹಿಡಿದು ಕೂಗಿದ ಮೇಲೆ ಜನ ಹಿಂದೆ ಸರಿದರು.

“ಮೂರು ಚಕ್ರ ಅಂದಿದ್ದು ಯಾಕೆ?”

“ಬಾಯಿಗೆ ಬಂತು, ಅಂದೆ. ಅವನು ನನ್ನ ಕಾರಿಗೆ ಕೋಳಿಗೂಡು ಅಂತಾನೆ. ಅದಕ್ಕೆ ನಾನೇನು ಅವನನ್ನ ಕೊಲ್ತೀನಾ? ಸಾರ್ಜೆಂಟ್, ನಂಗೆ ಅವನನ್ನ ಸೋಲಿಸ್ಬೇಕಿತ್ತು. ಅವನೇ ಇಲ್ದೆ ಯಾರನ್ನ ಸೋಲಿಸ್ಲಿ?”

ಸ್ಥಳ ಮಹಜರು ಶುರುವಾಯಿತು. ಕಳಚಿದ ಚಕ್ರದ ಐದು ಬೋಲ್ಟುಗಳೂ ಮುರಿಯದೆ ನೆಟ್ಟಗಿದ್ದವು. ಟ್ರ್ಯಾಕಿನಲ್ಲಿ ಮೂರು ನಟ್ ಸಿಕ್ಕವು. ಎಲ್ಲದರ ಫೋಟೋ ತೆಗೆಸಿದ ಮೇಲೆ ಹಾಸ್ ರೋಸ್ಕೋನ ಕೈಗೆ ವೀಲ್ ಪಾನಾ ಕೊಟ್ಟು, ಡಾರ್ಟಿನ ಮುಂದಿನ ಎಡಚಕ್ರ ತೋರಿಸಿದ.

“ಒಂದು ನಟ್ ಬಿಚ್ಚು.”

ರೋಸ್ಕೋ ಎಲ್ಲರೂ ತಿರುಗಿಸುವಂತೆ ಎಡಕ್ಕೆ ತಿರುಗಿಸಿದ. ನಟ್ ಜಗ್ಗಲಿಲ್ಲ. ಮೈಭಾರ ಹಾಕಿದ. ಬೋಲ್ಟ್ ಕಿರುಗುಟ್ಟಿತು.

“ಸಾಕು!” ಅಷ್ಟು ದೂರದಲ್ಲಿ ಟ್ರೈಲರಿಗೆ ಒರಗಿ ನಿಂತಿದ್ದ ಜೀನ್ ಕೂಗಿದಳು. “ಆ ಕಡೆಗಲ್ಲ ಕಣೋ, ಮುರಿದುಹೋಗುತ್ತೆ.”

ಹಳೇ ಡಾರ್ಟುಗಳ ಎಡಗಡೆ ಚಕ್ರಗಳಿಗೆ ಸೈಕಲ್ಲಿನ ಎಡ ಪೆಡಲಿನ ಹಾಗೆ ಉಲ್ಟಾ ತಿರುಪು. ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

“ಹಾಗಾದ್ರೆ ಇವನಲ್ಲ,” ಎಂದಳು ಮಾರ್ಲಾ.

“ಗೊತ್ತಿಲ್ದವನ ಹಾಗೆ ನಟಿಸಬಹುದಲ್ಲ. ಇದನ್ನ ಸಾಕ್ಷಿ ಅಂತ ಬರೀಬೇಡ.”

ಹಾಸ್‌ನ ಗಮನ ಬೇರೆ ಕಡೆ ಇತ್ತು. ಜೀನ್ ಪ್ರತಿ ಶನಿವಾರ ಚಕ್ರ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನ ತುದಿಗೆ ಒಂದು ಹಳದಿ ಗೆರೆ ಎಳೆಯುತ್ತಿದ್ದಳು. ನಟ್ ಕೂದಲೆಳೆಯಷ್ಟು ಅಲುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಸಿಕ್ಕಿದ ಮೂರೂ ನಟ್ಟುಗಳ ಮೇಲೆ ಆ ಗೆರೆಯ ಅರ್ಧ ಭಾಗ ಇತ್ತು. ಯಾರೂ ಮತ್ತೆ ಬಣ್ಣ ಹಚ್ಚಿರಲಿಲ್ಲ. ಉಳಿದ ಮೂರು ಚಕ್ರಗಳ ನಡುಭಾಗ ಧೂಳು, ಗ್ರೀಸಿನಿಂದ ಮಂಕಾಗಿತ್ತು. ಕಳಚಿದ ಚಕ್ರದ ನಡುಭಾಗವನ್ನು ಮಾತ್ರ ಯಾರೋ ಬಟ್ಟೆಯಿಂದ ಒರೆಸಿ ಫಳಫಳ ಮಾಡಿದ್ದರು.

“ಕದ್ದುಮುಚ್ಚಿ ನಟ್ ಬಿಚ್ಚಿದವನು ಗೆರೆ ಮುಚ್ಚಿಡಬೇಕು ತಾನೆ?” ಎಂದ ಹಾಸ್. “ಇಲ್ಲಿ ಎದ್ದು ಕಾಣಲಿ ಅಂತ ಒರೆಸಿದಾರೆ.”

“ಯಾರಿಗೆ ಕಾಣಲಿ ಅಂತ?”

ಬೆಳಿಗ್ಗೆ ಪ್ರತಿ ಕಾರಿನ ಚಕ್ರವನ್ನೂ ಬಗ್ಗಿ ನೋಡಬೇಕಾದವನು ಒಬ್ಬನೇ.

ಗ್ಲೆನ್ ಓಡಮ್‌ನನ್ನು ಟಿಕೆಟ್ ಕೋಣೆಯಲ್ಲಿ ಕೂರಿಸಿ ಪ್ರಶ್ನಿಸಲಾಯಿತು.

“ಡಾರ್ಟ್ ತಪಾಸಣೆ ಎಷ್ಟೊತ್ತಿಗೆ?”

“ಒಂಬತ್ತೂವರೆ ಸುಮಾರಿಗೆ.”

“ಚಕ್ರ ನೋಡಿದೆಯಾ?”

“ನೋಡ್ದೆ.”

“ಬಗ್ಗಿ?”

ಓಡಮ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಗ್ಲೆನ್, ಆಸ್ಪತ್ರೇಲಿ ಇಬ್ಬರಿದಾರೆ.”

“ಸ್ಟಿಕರ್ ಅಂಟಿಸ್ದೆ, ಅಷ್ಟೆ. ಮೂವತ್ತು ವರ್ಷದ ಸ್ನೇಹ. ವರ್ನ್ ಕಾರನ್ನ ಬಗ್ಗಿ ನೋಡಿದ್ರೆ ಅವನಿಗೆ ಅವಮಾನ ಮಾಡಿದ ಹಾಗೆ.” ಅವನೇ ಮುಂದುವರಿಸಿದ. “ಜೀನ್ ಕೇಳಿದ್ಲು ಕೂಡ. ‘ಗ್ಲೆನ್, ಚಕ್ರ ನೋಡಲ್ವಾ?’ ಅಂದ್ಲು. ‘ನೀನು ಬಿಗಿ ಮಾಡಿದ ಮೇಲೆ ನಾನೇನಮ್ಮಾ ನೋಡ್ಲಿ’ ಅಂತ ನಕ್ಕು ಮುಂದಕ್ಕೆ ಹೋದೆ.”

“ಯಾವತ್ತಾದ್ರೂ ಹಾಗೆ ಕೇಳಿದ್ಲಾ, ಮೊದಲು?”

“ಇಲ್ಲ. ಒಂದ್ಸಲವೂ ಇಲ್ಲ.”

“ನೀನು ನೋಡಿದ್ರೆ ಏನಾಗ್ತಿತ್ತು?”

“ಬೆಳಗಿನ ತಪಾಸಣೇಲಿ ಚಕ್ರ ಸಡಿಲ ಕಂಡ್ರೆ ಆ ಕಾರು ಆವತ್ತು ಓಡೋ ಹಾಗಿಲ್ಲ. ಟ್ರ್ಯಾಕಿನ ನಿಯಮ. ಆಮೇಲೆ ಬಿಗಿ ಮಾಡ್ಕೊಂಡು ಬಂದ್ರೂ ಇಲ್ಲ.”

ರೋಸ್ಕೋನನ್ನು ಅವನ ಮನೆಯವರೆಗೆ ಮಾರ್ಲಾಳೇ ಬಿಟ್ಟು ಬಂದಳು.

ಸೋಮವಾರ ಬೆಳಿಗ್ಗೆ ಹಾಸ್ ಮತ್ತು ಮಾರ್ಲಾ ಜೀನ್‌ಳ ಗ್ಯಾರೇಜಿಗೆ ಹೋದರು. ಅವಳು ಕೈ ತೊಳೆದು, ಒಳ್ಳೆಯ ಅಂಗಿ ತೊಟ್ಟು, ಖಾಲಿ ಜಾಗದ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ಡಾರ್ಟ್ ನಿಲ್ಲುತ್ತಿದ್ದ ಜಾಗ ಅದು.

“ಬರ್ನಿಸ್ ಹೇಗಿದಾಳೆ?”

“ರಾತ್ರಿ ಶಸ್ತ್ರಚಿಕಿತ್ಸೆ ಆಯ್ತು. ಬದುಕ್ತಾಳೆ. ಮೊದಲಿನ ಹಾಗೆ ನಡೀತಾಳೋ ಇಲ್ವೋ, ಡಾಕ್ಟರೂ ಹೇಳ್ತಿಲ್ಲ.”

ಜೀನ್ ತಲೆಯಾಡಿಸಿದಳು. ಗೋಡೆಯ ಗಡಿಯಾರ ನೋಡಿದಳು.

“ಒಂಬತ್ತು ಗಂಟೆ. ಈ ಹೊತ್ತಿಗೆ ವರ್ನ್ ಹೃದಯದ ಡಾಕ್ಟರ ಮುಂದೆ ಕೂತಿರಬೇಕಿತ್ತು. ಕಳೆದ ತಿಂಗಳಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದಾನೆ. ಒಂದ್ಸಲ ಇಲ್ಲೇ, ಈ ನೆಲದ ಮೇಲೆ. ಸೋಮವಾರದವರೆಗೆ ಓಡಿಸಬೇಡ ಅಂತ ಕೈ ಹಿಡಿದು ಕೇಳ್ದೆ. ‘ರೋಸ್ಕೋಗೆ ಏನ್ ಹೇಳ್ಲಿ, ತಲೆಸುತ್ತು ಅನ್ಲಾ?’ ಅಂತ ನಕ್ಕ.”

“ಟ್ರ್ಯಾಕಿನವರಿಗೆ ಹೇಳಬಹುದಿತ್ತು.”

“ಹೇಳಿದ್ರೆ ಅವನ ರೇಸ್ ಲೈಸೆನ್ಸ್ ಶಾಶ್ವತವಾಗಿ ಹೋಗುತ್ತೆ. ಅದಿಲ್ದೆ ಅವನು ಏನ್ಮಾಡ್ತಾನೆ, ಸಾರ್ಜೆಂಟ್? ನಂಗೆ ಬೇಕಾಗಿದ್ದು ಒಂದೇ ಒಂದು ಭಾನುವಾರ. ಒಂದೊಂದು ನಟ್ಟನ್ನೂ ಎರಡು ಸುತ್ತು ಬಿಚ್ಚಿದೆ. ಗ್ಲೆನ್ ಕಣ್ಣಿಗೆ ರಾಚಲಿ ಅಂತ ಒರೆಸಿದೆ.”

“ಅವನು ನೋಡ್ಲಿಲ್ಲ. ಆಗಲಾದ್ರೂ ಬಾಯಿ ಬಿಡಬೇಕಿತ್ತು.”

“ಬಿಟ್ಟಿದ್ರೆ ವರ್ನ್ ಎರಡು ನಿಮಿಷದಲ್ಲಿ ಬಿಗಿ ಮಾಡ್ಕೊಂಡು ಓಡಿಸ್ತಿದ್ದ. ಓಟಕ್ಕೆ ಮುಂಚೆ ಟೈರ್ ಬಿಸಿ ಮಾಡ್ತಾರಲ್ಲ, ಆಗ ಚಕ್ರ ಗಡಗಡ ಅನ್ನುತ್ತೆ, ಅವನೇ ನಿಲ್ಲಿಸ್ತಾನೆ ಅಂದ್ಕೊಂಡೆ. ಆ ಕಾರಿನ ಮೇಲೆ ನೊಣ ಕೂತ್ರೂ ಅವನಿಗೆ ಕೇಳುತ್ತೆ.” ಅವಳು ಖಾಲಿ ಜಾಗದ ಕಡೆ ತಿರುಗಿದಳು. “ಅದೊಂದು ಯಾಕೆ ಕೇಳಿಸ್ಲಿಲ್ಲ?”

ಹಾಸ್ ಅವಳ ಹಕ್ಕುಗಳನ್ನು ಓದಿ ಹೇಳಿದ. ಇತರರ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ 9.20ಕ್ಕೆ ಬಂಧನವಾಯಿತು. ಮಾರ್ಲಾ ಬೇಡಿ ಹಾಕುವಾಗ ಜೀನ್ ತಾನಾಗಿಯೇ ಕೈ ಮುಂದೆ ಚಾಚಿದಳು.

ವರ್ನ್‌ಗೆ ಪ್ರಜ್ಞೆ ಬಂದದ್ದು ಮಂಗಳವಾರ. ಎದೆಯ ಎಡಭಾಗದಲ್ಲಿ, ಹೃದಯದ ಬಡಿತ ಸರಿಯಾಗಿಡಲು ಹೊಸದಾಗಿ ಕೂರಿಸಿದ ಪುಟ್ಟ ಯಂತ್ರದ ಮೇಲೆ ಪಟ್ಟಿ ಕಟ್ಟಿದ್ದರು. ಹಾಸ್ ಮಂಚದ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದ.

“ನಾನು ದೂರು ಕೊಡಲ್ಲ.”

“ನಿನ್ನ ದೂರು ಬೇಕಿಲ್ಲ. ಬರ್ನಿಸ್‌ಳ ಮುರಿದ ಕಾಲೇ ಸಾಕು.”

“ಕೇಳಿಸ್ತು,” ಎಂದ ವರ್ನ್.

“ಏನು?”

“ಚಕ್ರ. ಟೈರ್ ಬಿಸಿ ಮಾಡುವಾಗಲೇ ಕೇಳಿಸ್ತು. ಎಡಗಡೆ ಹಿಂದೆ. ನಟ್ ಸಡಿಲ ಅಂತ ಗೊತ್ತಾಯ್ತು. ಇಳೀಬೇಕು ಅಂದ್ಕೊಂಡೆ, ಪಕ್ಕದಲ್ಲಿ ರೋಸ್ಕೋ ನೋಡ್ತಿದ್ದ.” ಉಸಿರು ತೆಗೆದುಕೊಂಡ. “ಇದನ್ನ ಬರ್ಕೊಂಡ್ರೆ ಜೀನ್‌ಗೆ ಏನಾದ್ರೂ ಕಮ್ಮಿ ಆಗುತ್ತಾ?”

“ಆಗಬಹುದು. ನ್ಯಾಯಾಧೀಶರು ಹೇಳ್ಬೇಕು. ಆದ್ರೆ ಗೊತ್ತಿದ್ದೂ ಓಡಿಸಿದೆ ಅಂತ ನೀನು ಸಹಿ ಹಾಕಿದ್ರೆ ನಿನ್ನ ಮೇಲೂ ಕೇಸಾಗುತ್ತೆ. ಈ ದೇಶದಲ್ಲಿ ಯಾವ ಟ್ರ್ಯಾಕೂ ನಿನ್ನನ್ನ ಗೇಟಿನೊಳಗೆ ಬಿಡಲ್ಲ, ವರ್ನ್. ಯಾವತ್ತೂ.”

ಹಾಸ್ ಹೇಳಿಕೆ ಬರೆದು ಮುಗಿಸುತ್ತಲೇ ವರ್ನ್ ಪೆನ್ನಿಗೆ ಕೈ ಚಾಚಿದ. ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಸಹಿ ಹಾಕಿ, ಕಾಗದ ಹಾಸ್‌ನ ಕಡೆ ತಳ್ಳಿದ.

“ಕೇಳಿಸ್ತು ಅಂತ ಅವಳಿಗೆ ನೀವೇ ಹೇಳಿ,” ಎಂದ. “ಕೇಳಿಸ್ಲಿಲ್ಲ ಅಂದ್ಕೊಂಡು ಕೂತಿರ್ತಾಳೆ.”