ಇಪ್ಪತ್ತಮೂರು ದಿನದ ರೀಡಿಂಗ್

ಮಾರ್ಚ್ 9, ಸೋಮವಾರ, ಬೆಳಿಗ್ಗೆ 9.20. ತಾಂತ್ರಿಕ ಕಾಲೇಜಿನ ಸಂಶೋಧಕಿಯೊಬ್ಬಳು ಠಾಣೆಗೆ ಬಂದು, ಯಾರೋ ತನ್ನ ಆರು ತೊಲೆಗಳನ್ನು ಒಡೆದುಹಾಕಿದ್ದಾರೆಂದು ದೂರು ಕೊಟ್ಟಳು.

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ತಲೆಯೆತ್ತಿದ. "ಮನೆ ತೊಲೆನಾ?"

"ಅಲ್ಲ, ಕಾಂಕ್ರೀಟಿನವು. ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ವು. ನಾಲ್ಕು ವರ್ಷದಿಂದ ಅಳೀತಾ ಇದ್ವಿ."

"ನಾಲ್ಕು ವರ್ಷ ಅಳೆದರೂ ಮುಗೀಲಿಲ್ವಾ?"

ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬೇರೆ ಯಾರದೋ ಕಾಗದ ಓದುವವಳಂತೆ ಹೇಳಿದಳು: ಬರುವ ಸೋಮವಾರ ಡಾಕ್ಟರೇಟಿನ ಮೌಖಿಕ ಪರೀಕ್ಷೆ, ಪರೀಕ್ಷಕರು ತೊಲೆಗಳನ್ನು ಕಣ್ಣಾರೆ ನೋಡಬೇಕು, ಈಗ ತೋರಿಸಲು ಪುಡಿ ಬಿಟ್ಟರೆ ಏನೂ ಉಳಿದಿಲ್ಲ. ಎಫ್‌ಐಆರ್ ನಂಬರ್ 41 ಆಯಿತು.

ಆ ಹೆಡ್ ಕಾನ್ಸ್‌ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಸವಿವರಪ್ಪ ಎಂದೇ ಕರೆಯುತ್ತಿದ್ದರು. ಕಳುವಾದ ಸೈಕಲ್ಲಿನ ಬೆಲ್ಲು ಹೇಗೆ ಬಾರಿಸುತ್ತಿತ್ತು ಎಂಬುದನ್ನೂ ಬರೆಯುವ ಆಸಾಮಿ. ಅವನ ಪಂಚನಾಮೆ ಎಂದರೆ ಕೋರ್ಟಿನ ಗುಮಾಸ್ತರಿಗೆ ತಲೆನೋವು.

11.05ಕ್ಕೆ ಇನ್ಸ್‌ಪೆಕ್ಟರ್ ಮೇಡಂ ಅವನನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಹೋದರು. ಬಾಗಿಲ ಬೀಗಕ್ಕೆ ಏಟು ಬಿದ್ದಿರಲಿಲ್ಲ. ಕಬ್ಬಿಣದ ಚೌಕಟ್ಟುಗಳ ಕೆಳಗೆ ತೊಲೆಗಳು ಚೂರುಚೂರಾಗಿ ಬಿದ್ದಿದ್ದವು. ಸುತ್ತಿಗೆಯನ್ನು ತೊಳೆದು ಅದರ ಜಾಗದಲ್ಲೇ ತೂಗುಹಾಕಲಾಗಿತ್ತು. ತೊಲೆ ಎಷ್ಟು ಜರುಗಿತೆಂದು ತೋರಿಸುವ ಹನ್ನೆರಡು ಡಯಲ್ ಗೇಜುಗಳು ಮಾತ್ರ ಚೌಕಟ್ಟಿನಲ್ಲಿರಲಿಲ್ಲ. ಅವನ್ನು ಬಿಚ್ಚಿ, ಒರೆಸಿ, ತಮ್ಮ ತಮ್ಮ ಡಬ್ಬಿಯಲ್ಲಿ ಮಲಗಿಸಿ ಮುಚ್ಚಳ ಹಾಕಲಾಗಿತ್ತು.

"ಒಡೆಯೋಕೆ ಬಂದವನಿಗೆ ಈ ಉಸಾಬರಿ ಯಾಕೆ?" ಎಂದರು ಮೇಡಂ.

"ನಾಜೂಕಿನ ಮನುಷ್ಯ ಮೇಡಂ," ಎಂದ ಸವಿವರಪ್ಪ, ಹನ್ನೆರಡು ಡಬ್ಬಿಗಳ ಬಣ್ಣವನ್ನೂ ಬರೆಯುತ್ತ.

ಭಾನುವಾರದ ಗೇಟ್ ಪುಸ್ತಕದಲ್ಲಿ ಆ ಕಟ್ಟಡಕ್ಕೆ ಬಂದವರು ಇಬ್ಬರೇ. ಎಂಟು ಗಂಟೆಗೆ ಪ್ರಯೋಗಾಲಯದ ಮೆಕ್ಯಾನಿಕ್. ಗೇಜು ನೋಡಿ ನೋಡಿ ಗೇಜಣ್ಣ ಎಂದೇ ಹೆಸರಾದವನು, ಭಾನುವಾರವೂ ತಪ್ಪದೆ ಬರುವವನು. ಆದ್ದರಿಂದ ಅವನ ಸಹಿ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು 10.15ರ ಸಹಿ. ಅದು ಮಹಡಿಯ ಕಂಪ್ಯೂಟರ್ ಕೋಣೆಯ ಇನ್ನೊಬ್ಬ ಸಂಶೋಧಕನದು. ದಪ್ಪ ಕನ್ನಡಕದವನು, ಸಂಶೋಧಕಿಯ ಜೊತೆ ವರ್ಷದಿಂದ ಮಾತು ಬಿಟ್ಟವನು.

12.40ಕ್ಕೆ ಅವನ ವಿಚಾರಣೆ ನಡೆಯಿತು.

"ಮಾತು ಯಾಕೆ ಬಿಟ್ರಿ?"

"ಅವಳ ಹೊಸ ಬಗೆಯ ಕಾಂಕ್ರೀಟೂ ಸೆಕೆಗೆ ಹಿಗ್ಗುತ್ತೆ ಅಂತ ನನ್ನ ಕಂಪ್ಯೂಟರ್ ಲೆಕ್ಕ ಹೇಳ್ತು. ಅವಳ ತೊಲೆ ಹಿಗ್ಗಲಿಲ್ಲ. ಎಲ್ಲರೂ ನಕ್ಕರು."

"ಅದಕ್ಕೆ ಒಡೆದ್ರಾ?"

"ತೊಲೆ ಜೊತೆ ಜಗಳ ಆಡೋಕಾಗುತ್ತಾ ಮೇಡಂ? ಲೆಕ್ಕ ಎಲ್ಲಿ ತಪ್ಪಿತು ಅಂತ ಇವತ್ತಿಗೂ ಹುಡುಕ್ತಾ ಇದೀನಿ. ಭಾನುವಾರ ಬಂದಿದ್ದೂ ಅದಕ್ಕೇ." ಪ್ರಯೋಗಾಲಯದ ಬೀಗದ ಕೈ ಅವನ ಬಳಿ ಇರಲಿಲ್ಲ. ಇದ್ದದ್ದು ಸಂಶೋಧಕಿ ಮತ್ತು ಗೇಜಣ್ಣನ ಬಳಿ ಮಾತ್ರ.

ಮೇಡಂ ಸಂಶೋಧಕಿಯನ್ನು ಕರೆಸಿ, ಹಿಗ್ಗದ ಲೆಕ್ಕ ತೋರಿಸಲು ಹೇಳಿದರು. ಅವಳು ರಿಜಿಸ್ಟರಿನ ಒಂದು ಪುಟ ತೆರೆದಳು. ಕಳೆದ ವರ್ಷ ಏಪ್ರಿಲ್ 3ರಿಂದ 25ರವರೆಗೆ ಪ್ರಯೋಗಾಲಯದ ಎಸಿ ಕೆಟ್ಟಿತ್ತು. ಗೋಡೆಯ ಮೇಲಿನ ಯಂತ್ರ ತಾನಾಗಿಯೇ ದಾಖಲಿಸಿದ ಪ್ರಕಾರ ಒಳಗಿನ ಸೆಕೆ ಒಂಬತ್ತು ಡಿಗ್ರಿ ಏರಿತ್ತು. ಆದರೂ ಮೊದಲ ತೊಲೆಯ ಗೇಜು ಇಪ್ಪತ್ತಮೂರು ದಿನವೂ 142. ಉಳಿದವೂ ಹಾಗೆಯೇ, ಅಲುಗಾಡಿರಲಿಲ್ಲ.

"ಆಗ ನಾನು ಬೇರೆ ಊರಲ್ಲಿದ್ದೆ. ಬಂದು ಈ ಪುಟ ನೋಡಿದಾಗ ಕುಣಿದಾಡಿಬಿಟ್ಟಿದ್ದೆ," ಎಂದಳು. "ಹೊಸ ಗ್ರಂಥಾಲಯದ ಚಾವಣಿ ಇದೇ ಕಾಂಕ್ರೀಟಿನದು. ಹಿಗ್ಗಲ್ಲ ಅಂತ ನಡುವೆ ಸಂದು ಬಿಡದೆ ಹಾಕ್ತಾರೆ. ಇದೇ ಇಪ್ಪತ್ತಕ್ಕೆ."

"ಈ ರೀಡಿಂಗ್ ತಗೊಂಡವರು?"

"ಗೇಜಣ್ಣ. ಪಾಪ, ಹೆಂಡತಿ ಆಸ್ಪತ್ರೇಲಿ ಇದ್ರು. ರಜೆ ಹಾಕಿದ್ರೂ ಬೆಳಿಗ್ಗೆ ಬಂದು ಬರೆದು ಹೋಗ್ತೀನಿ ಅಂದಿದ್ರು. ಆ ತಿಂಗಳೇ ಹೆಂಡತಿ ತೀರಿಕೊಂಡ್ರು."

ಮಧ್ಯಾಹ್ನ 3.30. ಸವಿವರಪ್ಪ ಹಳೆಯ ಗೇಟ್ ಪುಸ್ತಕವನ್ನು ಬೆರಳು ಹಾಕಿ ಸಾಲುಸಾಲಾಗಿ ಓದಿದ. ಏಪ್ರಿಲ್ 3ರಿಂದ 25ರವರೆಗೆ ಗೇಜಣ್ಣನ ಸಹಿ ಒಂದೂ ಇರಲಿಲ್ಲ. ಅವನು ಎರಡನೇ ಸಲ ಓದಿದ. ಸಂಶೋಧಕಿ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಅಳು ಬರಲಿಲ್ಲ. ತೊಲೆ ಹೋದದ್ದಕ್ಕೆ ಮರಗಟ್ಟಿದ್ದ ಮನಸ್ಸಿಗೆ ಈ ಎರಡನೇ ಏಟು ತಾಗಲೇ ಇಲ್ಲ. "ಹಾಗಾದ್ರೆ ನಾನು ಕಂಡುಹಿಡಿದದ್ದು ಏನೂ ಇಲ್ಲ," ಎಂದಷ್ಟೇ ಹೇಳಿ ಕುರ್ಚಿ ಎಳೆದು ಕೂತಳು.

ಗೇಜಣ್ಣ ಅಂದು ಮನೆಯಲ್ಲಿ ಸಿಗಲಿಲ್ಲ. ಹುಡುಕಾಡುವ ಅಗತ್ಯವಿಲ್ಲವೆಂದು ಮೇಡಂಗೆ ಅನ್ನಿಸಿತು. ಮಾರ್ಚ್ 10, ಮಂಗಳವಾರ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಪ್ರಯೋಗಾಲಯಕ್ಕೆ ಹೋದರು. ಅವನು ಖಾಲಿ ಚೌಕಟ್ಟುಗಳ ಮುಂದೆ ಕೈಕಟ್ಟಿ ನಿಂತಿದ್ದ.

"ನೀವೇ ಒಡೆದದ್ದಾ?"

"ಹೌದು ಮೇಡಂ."

"ಯಾಕೆ?"

"ಚಾವಣಿ ಹಾಕ್ತಾರೆ ಅಂತ ಶುಕ್ರವಾರ ಗೊತ್ತಾಯ್ತು. ಆ ಹುಡುಗಿನೇ ಬಂದು, ಎಲ್ಲ ನಿಮ್ಮಿಂದಲೇ ಗೇಜಣ್ಣ ಅಂತ ಕೈ ಮುಗಿದ್ಲು. ಬಿಸಿಲಿಗೆ ಹಿಗ್ಗಿದ್ರೆ ಚಾವಣಿ ಬಿರುಕು ಬಿಡುತ್ತೆ. ಕೆಳಗೆ ಮಕ್ಕಳು ಓದ್ತಾ ಕೂತಿರ್ತಾರೆ. ತೊಲೆನೇ ಇಲ್ಲದಿದ್ರೆ ಹೊಸದಾಗಿ ಎರಕ ಹೊಯ್ದು ಮೊದಲಿಂದ ಅಳೀತಾರೆ ಅಂದ್ಕೊಂಡೆ."

"ಬಾಯಿ ಬಿಟ್ಟು ಹೇಳಿದ್ರೆ ಆಗ್ತಿತ್ತಲ್ಲ?"

"ಇಪ್ಪತ್ತೆರಡು ವರ್ಷ ಮೇಡಂ. ಗೇಜಣ್ಣ ಬರೆದದ್ದಾ, ಹಾಗಾದ್ರೆ ಸರಿ, ಅಂತಿದ್ರು. ನನ್ನ ಹತ್ರ ಬೇರೆ ಏನೂ ಇರಲಿಲ್ಲ."

"ರಿಜಿಸ್ಟರ್ ಯಾಕೆ ಸುಡಲಿಲ್ಲ?"

"ಉಳಿದದ್ದೆಲ್ಲ ನಿಜ."

8.25ಕ್ಕೆ ದಸ್ತಗಿರಿಯಾಯಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಸವಿವರಪ್ಪನಿಗೆ ಒಂದು ಅನುಮಾನ ಉಳಿದಿತ್ತು. "ಸುಳ್ಳು ಬರೆಯೋನು ಒಂದಿಷ್ಟು ಹೆಚ್ಚುಕಡಿಮೆ ಮಾಡಿ ಬರೀತಾನೆ. ನೀವು ದಿನಾ ಒಂದೇ ಯಾಕೆ ಬರೆದ್ರಿ?"

"ರಿಜಿಸ್ಟರ್ ಆಸ್ಪತ್ರೆಗೇ ತಗೊಂಡು ಹೋಗಿದ್ದೆ. ಎಂಟಕ್ಕೆ ಡಾಕ್ಟ್ರು ರೌಂಡ್ಸಿಗೆ ಬರೋರು. ಹೇಗಿದಾಳೆ ಅಂತ ಕೇಳ್ತಿದ್ದೆ. ನಿನ್ನೆ ಹೇಗಿತ್ತೋ ಹಾಗೇ ಇದೆ, ಏನೂ ಬದಲಾವಣೆ ಇಲ್ಲ, ಅನ್ನೋರು. ನಾನೂ ಹಾಗೇ ಬರೀತಿದ್ದೆ."

ಪೆನ್ನು ನಿಂತಿತು. "ಇದನ್ನೂ ಹಾಕಲಾ ಮೇಡಂ?"

"ಹಾಕಿ," ಎಂದರು ಮೇಡಂ, ಕಿಟಕಿಯ ಕಡೆ ನೋಡುತ್ತ.

ಸವಿವರಪ್ಪ ಬರೆದ. ಆಮೇಲೆ ಜಪ್ತಿ ಮಾಡಿದ ರಿಜಿಸ್ಟರನ್ನು ತೆರೆದು ಪುಟದ ವಿವರ ದಾಖಲಿಸತೊಡಗಿದ. ಏಪ್ರಿಲ್ 25ರ ಕೆಳಗೆ 26ರ ಸಾಲಿತ್ತು. ನಾಲ್ಕು ವರ್ಷದಲ್ಲಿ ಅಂಕಿ ಇಲ್ಲದ ಸಾಲು ಅದೊಂದೇ. ಅವನು ಎದುರಿಗೆ ಕೂತವನನ್ನು ಏನೂ ಕೇಳಲಿಲ್ಲ. ಕಾಗದದ ಮೇಲೆ ತಾರೀಖು ಹಾಕಿ, ಅದರ ಮುಂದೆ ಖಾಲಿ ಎಂದಷ್ಟೇ ಬರೆದ.